ಕಿಂಟ್ರಾಡ್ವೆಲ್ ಕಡಲತಡಿಯ ಗರಿಕುಸುರಿ: ಮೇಗನ್ ಬಾಯ್ಡಳ ಜೀವನ ಮತ್ತು ಕಸುಬು

1

ಅರಸರ, ದಂಡನಾಯಕರ, ಕವಿಗಳ ಹೆಸರುಗಳನ್ನು ಇತಿಹಾಸವು ಸುಲಭವಾಗಿ ಉಳಿಸಿಕೊಳ್ಳುತ್ತದೆ. ಕಸುಬುದಾರರ ಹೆಸರು ಉಳಿಯುವುದು ಅಪರೂಪ. ಹೊಯ್ಸಳರ ಕಾಲದ ದಾಸೋಜ, ಮಲ್ಲಿತಮ್ಮ ಮೊದಲಾದ ರೂವಾರಿಗಳು ತಮ್ಮ ಕೃತಿಗಳ ಅಡಿಯಲ್ಲಿ ಹೆಸರನ್ನು ಕೊರೆದು ಹೋದುದರಿಂದಲೇ ಇಂದಿನವರಿಗೆ ಅವರ ಗುರುತು ಸಿಕ್ಕಿದೆ. ಕೈಬೆರಳಿಗಿಂತ ಚಿಕ್ಕದಾದ, ಸಹಿ ಹಾಕಲು ಎಡೆಯೇ ಇಲ್ಲದ ವಸ್ತುವನ್ನು ಮಾಡುವವರ ಪಾಡು ಇನ್ನೂ ಕಷ್ಟದ್ದು. ನೀರಿಗೆ ಬಿದ್ದು, ಮೀನಿನ ಬಾಯಲ್ಲಿ ಸಿಕ್ಕು, ಬಂಡೆಗೆ ತಗುಲಿ ಹರಿದು ಹೋಗುವುದಕ್ಕಾಗಿಯೇ ಹುಟ್ಟಿದ ವಸ್ತು ಅದಾದರೆ ಅದರ ಕರ್ತೃವನ್ನು ಯಾರು ನೆನೆಯುತ್ತಾರೆ?

ಸ್ಕಾಟ್ಲೆಂಡಿನ ಉತ್ತರದಂಚಿನ ಸದರ್ಲೆಂಡ್ ಸೀಮೆಯಲ್ಲಿ ಮೇಗನ್ ಬಾಯ್ಡ್ ಎಂಬ ಹೆಂಗಸೊಬ್ಬಳು ಅರ್ಧ ಶತಮಾನಕ್ಕೂ ಮಿಕ್ಕು ಅಂತಹ ವಸ್ತುಗಳನ್ನೇ ಮಾಡುತ್ತ ಬಾಳಿದಳು. ಗಾಳದ ಕೊಕ್ಕೆಗೆ ಹಕ್ಕಿಯ ಗರಿ, ರೇಷ್ಮೆಯ ನೂಲು, ಜರತಾರಿಯ ಎಳೆಗಳನ್ನು ಸುತ್ತಿ ಕಟ್ಟುವುದು ಆಕೆಯ ಕಸುಬು. ಇಂಗ್ಲಿಷರು ಇದಕ್ಕೆ ‘ಫ್ಲೈ’, ಎಂದರೆ ನೊಣ, ಎನ್ನುತ್ತಾರೆ. ಕನ್ನಡದಲ್ಲಿ ‘ಗರಿನೊಣ’ವೆಂದರೆ ಅರ್ಥ ಸ್ಪಷ್ಟವಾದೀತು. ಸಾಲ್ಮನ್ ಮೀನನ್ನು ಹಿಡಿಯಲು ಆಕೆಯ ಗರಿನೊಣಕ್ಕೆ ಮಿಗಿಲಾದದ್ದಿಲ್ಲವೆಂದು ಬಲ್ಲವರು ಹೇಳುತ್ತಿದ್ದರು. ಆದರೆ ಆಕೆ ತಾನಾಗಿ ಗಾಳ ಹಿಡಿದು ಹೊಳೆಗಿಳಿದು ಒಂದು ಮೀನನ್ನೂ ಹಿಡಿದವಳಲ್ಲ. ಮೀನನ್ನು ಕೊಲ್ಲಲು ಆಕೆಗೆ ಮನಸ್ಸು ಬರುತ್ತಿರಲಿಲ್ಲ. ಈ ವಿರೋಧಾಭಾಸವನ್ನು ಅರಿಯಬೇಕಾದರೆ ಮೊದಲು ಆ ಕಸುಬಿನ ಪೂರ್ವೇತಿಹಾಸವನ್ನೂ, ಅದನ್ನು ಪೋಷಿಸಿದ ಸಮಾಜದ ಸ್ವರೂಪವನ್ನೂ ತಿಳಿಯಬೇಕು.

2

ಗರಿಯಿಂದ ಹುಸಿನೊಣವನ್ನು ಕಟ್ಟಿ ಮೀನನ್ನು ವಂಚಿಸುವ ವಿದ್ಯೆ ಬಹು ಪ್ರಾಚೀನವಾದುದು. ಕ್ರಿಸ್ತಶಕ 200ರ ಸುಮಾರಿನಲ್ಲಿ ರೋಮಿನಲ್ಲಿದ್ದ ಈಲಿಯನ್ ಎಂಬ ಗ್ರಂಥಕಾರನು ಪ್ರಾಣಿಗಳ ಸ್ವಭಾವವನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ಇದರ ವರ್ಣನೆಯಿದೆ. ಮ್ಯಾಸಿಡೋನಿಯದ ಒಂದು ಹೊಳೆಯಲ್ಲಿ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಕೊರಳ ಬಳಿ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಅದಕ್ಕೆ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಅವನು ಹೇಳುತ್ತಾನೆ. ಈ ಮೇಣದ ಬಣ್ಣದ ಗರಿಯ ಮಾತು ಮುಂದೆ ಮತ್ತೊಮ್ಮೆ ಬರುವುದು.

ಇಂಗ್ಲೆಂಡಿನಲ್ಲಿ ಈ ವಿದ್ಯೆಯ ಮೊದಲ ಅಚ್ಚಿನ ಗ್ರಂಥ 1496ರಲ್ಲಿ ಹೊರಬಿತ್ತು. ಹನ್ನೆರಡು ಬಗೆಯ ಗರಿನೊಣಗಳನ್ನು ಕಟ್ಟುವ ಕ್ರಮ ಅದರಲ್ಲಿದೆ. ಅದರ ಕರ್ತೃ ಸೋಪ್‌ವೆಲ್ ಎಂಬಲ್ಲಿಯ ಕ್ರೈಸ್ತ ಸಂನ್ಯಾಸಿನೀ ಮಠದ ಮುಖ್ಯಸ್ಥೆ ಡೇಮ್ ಜೂಲಿಯಾನಾ ಬರ್ನರ್ಸ್ ಎಂಬುದು ಪರಂಪರೆಯ ನಂಬಿಕೆ. ವಿದ್ವಾಂಸರು ಇದನ್ನು ಪೂರ್ಣವಾಗಿ ಒಪ್ಪಿಲ್ಲ. ಆಕೆಯ ಇರವಿಗೇ ಗಟ್ಟಿಯಾದ ಆಧಾರಗಳಿಲ್ಲವೆನ್ನುವವರೂ ಉಂಟು. ಐತಿಹ್ಯವೇ ಆಗಿದ್ದರೂ ಅದು ಗಮನಾರ್ಹವಾದುದು. ಮುಂದೆ ಗಂಡಸರ ವಿನೋದವೆಂದೇ ಹೆಸರಾದ ಒಂದು ವಿದ್ಯೆಯು ತನ್ನ ಮೂಲಪುರುಷನನ್ನು ಹುಡುಕಿಕೊಂಡು ಹೋದಾಗ ಅದಕ್ಕೆ ಸಿಕ್ಕಿದ್ದು ಒಬ್ಬ ಹೆಂಗಸಿನ ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆ ಬೇರೆಯೇ ರೂಪವನ್ನು ತಾಳಿತು. ಟ್ರೌಟ್ ಮೀನಿಗೆ ಕಟ್ಟುವ ನೊಣ ನಿಜವಾದ ಹುಳುವನ್ನು ಹೋಲಬೇಕು, ಏಕೆಂದರೆ ಆ ಮೀನು ಹುಳುವನ್ನು ತಿನ್ನುತ್ತದೆ. ಸಾಲ್ಮನ್ನಿನ ರೀತಿ ಬೇರೆ. ಅದು ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಹಾಗೆ ಮರಳಿದ ಮೇಲೆ ಆಹಾರವನ್ನು ಬಿಟ್ಟುಬಿಡುತ್ತದೆ. ಹಸಿವಿಲ್ಲದ ಮೀನು ಗರಿನೊಣಕ್ಕೆ ಏಕೆ ಬಾಯಿ ಹಾಕುತ್ತದೆ ಎಂಬುದು ಇಂದಿಗೂ ಚರ್ಚೆಯ ವಿಷಯ. ಸಿಟ್ಟಿನಿಂದ ಎನ್ನುವವರುಂಟು, ಕುತೂಹಲದಿಂದ ಎನ್ನುವವರುಂಟು, ಕಡಲಿನ ದಿನಗಳ ಅಭ್ಯಾಸಬಲದಿಂದ ಎನ್ನುವವರೂ ಉಂಟು. ಯಾವ ಹುಳುವನ್ನೂ ಹೋಲಬೇಕಾದ ಕಟ್ಟುಪಾಡಿಲ್ಲದ್ದರಿಂದ ಸಾಲ್ಮನ್ನಿನ ಗರಿನೊಣ ಕೇವಲ ಕಲ್ಪನೆಯ ಸೃಷ್ಟಿಯಾಯಿತು. ಜಾಕ್ ಸ್ಕಾಟ್, ಪಾಪ್‌ಹ್ಯಾಮ್, ಡರಮ್ ರೇಂಜರ್ ಮುಂತಾದ ಹೆಸರುಳ್ಳ ವಿನ್ಯಾಸಗಳು ಹುಟ್ಟಿದವು. 1895ರಲ್ಲಿ ಜಾರ್ಜ್ ಕೆಲ್ಸನ್ ಎಂಬಾತನು ಸಾಲ್ಮನ್ ಗರಿನೊಣಗಳನ್ನು ಕುರಿತು ಬರೆದ ದೊಡ್ಡ ಗ್ರಂಥವು ಅವುಗಳಿಗೆ ಶಾಸ್ತ್ರದ ಪದವಿಯನ್ನೇ ತಂದುಕೊಟ್ಟಿತು.

3

ಜಾಕ್ ಸ್ಕಾಟ್ ಒಂದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಡಲಿನ ಅರ್ಧಕ್ಕೆ ಹಳದಿ ರೇಷ್ಮೆ, ಉಳಿದರ್ಧಕ್ಕೆ ಕಪ್ಪು ರೇಷ್ಮೆ, ಮೇಲೆ ಬೆಳ್ಳಿಯ ಜರಿ. ನಡುವೆ ಆಫ್ರಿಕದ ಉಷ್ಟ್ರಪಕ್ಷಿಯ ಕಪ್ಪು ಎಳೆ; ಅದರ ಬದಿಗೆ ದಕ್ಷಿಣ ಅಮೆರಿಕದ ಟೂಕನ್ ಹಕ್ಕಿಯ ಎದೆಗರಿ; ಕೊರಳಿಗೆ ಗಿನಿಕೋಳಿಯ ಚುಕ್ಕೆಗರಿ; ರೆಕ್ಕೆಗೆ ಟರ್ಕಿ ಕೋಳಿ, ನವಿಲು, ಮೆಕಾ ಗಿಣಿಗಳ ಪುಕ್ಕಗಳು; ಶಿಖರಕ್ಕೆ ಚೀನಾ ದೇಶದ ಹೊಂಬಣ್ಣದ ಫೆಸೆಂಟ್ ಹಕ್ಕಿಯ ಜುಟ್ಟು. ಒಂದು ಕೊಕ್ಕೆಯ ಮೇಲೆ ನಾಲ್ಕು ಖಂಡಗಳ ಹಕ್ಕಿಗಳು ಕೂಡಿರುವುದನ್ನು ಇಲ್ಲಿ ಕಾಣಬಹುದು. ಲಂಡನ್ನಿನ ಹಡಗುಕಟ್ಟೆಗೆ ಜಗತ್ತಿನ ಸರಕು ಬಂದು ಬೀಳುತ್ತಿದ್ದ ಕಾಲದಲ್ಲಿ ಮಾತ್ರ ಇಂತಹ ಕಲೆ ಹುಟ್ಟಲು ಸಾಧ್ಯವಿತ್ತು. ಬ್ರಿಟಿಷ್ ಸಾಮ್ರಾಜ್ಯದ ವಾಣಿಜ್ಯದ ನಕ್ಷೆಯನ್ನು ಎರಡು ಅಂಗುಲದ ಗರಿನೊಣದಲ್ಲಿ ಓದಬಹುದೆಂದರೆ ಅತಿಶಯೋಕ್ತಿಯಾಗದು.

ಈ ನಕ್ಷೆಯಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವುಂಟು. ಜಾಕ್ ಸ್ಕಾಟಿನ ಎರಡು ಪಕ್ಕಗಳಲ್ಲಿಯೂ ಕಣ್ಣಿನಂತೆ ಹೊಳೆಯುವ ಒಂದೊಂದು ಗರಿಯನ್ನು ಇಡುತ್ತಾರೆ. ಅದು ದಕ್ಷಿಣ ಭಾರತದ ಬೂದು ಕಾಡುಕೋಳಿಯ ಹುಂಜದ ಕೊರಳ ಗರಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಕೊಡಗು ಮಲೆನಾಡುಗಳ ಅಂಚಿನಲ್ಲಿ, ಬೆಳಗಿನ ಜಾವ ಕೂಗುವ ಈ ಹಕ್ಕಿ ಮಲೆನಾಡಿಗರಿಗೆ ಚಿರಪರಿಚಿತವಾದುದು. ಅದರ ಕೊರಳ ಗರಿಯ ತುದಿಯಲ್ಲಿ ಬಿಳಿ ಮತ್ತು ಹಳದಿಯ ಚುಕ್ಕೆಗಳಿರುತ್ತವೆ. ಮುಟ್ಟಿ ನೋಡಿದರೆ ಮೇಣದ ಹನಿಯೊಂದು ಗರಿಯ ಮೇಲೆ ಬಿದ್ದು ಹೆಪ್ಪುಗಟ್ಟಿದಂತೆ ತೋರುತ್ತದೆ. ಈಲಿಯನ್ನನು ಹೇಳಿದ ಮ್ಯಾಸಿಡೋನಿಯದ ಹುಂಜಕ್ಕೂ ಈ ಹಕ್ಕಿಗೂ ನಂಟನ್ನು ಕಲ್ಪಿಸುವುದು ತಪ್ಪಾಗುತ್ತದೆ. ಆದರೂ ಮೇಣದ ಕಾಂತಿಯ ಗರಿಯನ್ನೇ ಎರಡು ಕಾಲಗಳ ಬೆಸ್ತರೂ ಹುಡುಕಿದರೆಂಬುದು ಸ್ವಾರಸ್ಯವಾದ ಸಂಗತಿ. ಸಾಲ್ಮನ್ ಗರಿನೊಣದ ಎಷ್ಟೋ ವಿನ್ಯಾಸಗಳಲ್ಲಿ ಈ ಗರಿ ಅನಿವಾರ್ಯವೆನಿಸಿದ್ದರಿಂದ ಘಟ್ಟದ ಕಾಡುಕೋಳಿಯ ಚರ್ಮಗಳು ಸ್ಕಾಟ್ಲೆಂಡಿನ ಹೊಳೆದಂಡೆಯವರೆಗೂ ಪ್ರಯಾಣ ಮಾಡಿದವು.

4

ರೋಸಿನಾ ಮೇಗನ್ ಬಾಯ್ಡ್ 1915ರ ಜನವರಿ 29ರಂದು ಇಂಗ್ಲೆಂಡಿನಲ್ಲಿ ಹುಟ್ಟಿದಳು. ಆಕೆ ಇನ್ನೂ ಎಳೆಯ ಮಗುವಾಗಿದ್ದಾಗ ತಂದೆಗೆ ಸದರ್ಲೆಂಡಿನ ಬ್ರೋರಾ ಹೊಳೆಯ ಕಡೆಯ ಒಂದು ಜಹಗೀರಿನಲ್ಲಿ ಹೊಳೆ ಕಾಯುವ ಕೆಲಸ ಸಿಕ್ಕಿತು. ಸಂಸಾರವೆಲ್ಲ ಉತ್ತರಕ್ಕೆ ವಲಸೆ ಹೋಯಿತು. ಹೊಳೆ ಕಾಯುವುದೆಂದರೇನೆಂಬುದನ್ನು ಇಲ್ಲಿ ವಿವರಿಸಬೇಕು. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಎಲ್ಲರದಲ್ಲ; ಅದು ಭೂಮಿಯ ಒಡೆತನದಿಂದಲೂ ಬೇರೆಯಾಗಿ ಮಾರಬಹುದಾದ, ವಂಶಪಾರಂಪರ್ಯವಾಗಿ ಬರುವ ಒಂದು ಸ್ವತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕುರಿ ಸಾಕಣೆಗಾಗಿ ಇದೇ ಸದರ್ಲೆಂಡಿನ ಕಣಿವೆಗಳಿಂದ ಒಕ್ಕಲುಗಳನ್ನು ಎಬ್ಬಿಸಿ ಕಡಲತಡಿಗೆ ಅಟ್ಟಲಾಗಿತ್ತು. ಬರಿದಾದ ಕಣಿವೆಗಳು ಮುಂದೆ ಶ್ರೀಮಂತರ ಬೇಟೆಗೂ ಗಾಳಕ್ಕೂ ಮೀಸಲಾದವು. ಕದ್ದು ಮೀನು ಹಿಡಿಯುವವರನ್ನು ತಡೆಯುವುದು ಹೊಳೆಗಾವಲಿನವನ ಕೆಲಸ. ಮೇಗನ್ ಬೆಳೆದದ್ದು ಒಡೆಯರಿಗೂ ಊರಿನವರಿಗೂ ನಡುವಣ ಇಂತಹ ಒಂದು ಮನೆಯಲ್ಲಿ.

ಆಕೆಗೆ ವಿದ್ಯೆಯನ್ನು ಕಲಿಸಿದವನು ಬಾಬ್ ಟ್ರಸ್ಲರ್ ಎಂಬ ಕಾವಲುಗಾರ. ಅವನ ಬೋಧನಕ್ರಮ ವಿಶಿಷ್ಟವಾದುದು. ಕಟ್ಟಿ ಮುಗಿಸಿದ ಒಂದು ಗರಿನೊಣವನ್ನು ಹುಡುಗಿಯ ಕೈಗೆ ಕೊಟ್ಟು ಅದನ್ನು ಎಳೆ ಎಳೆಯಾಗಿ ಬಿಚ್ಚಿಸುತ್ತಿದ್ದನು. ಬಿಚ್ಚಿದ ಸಾಮಗ್ರಿಯಿಂದಲೇ ಅದನ್ನು ಅದಕ್ಕಿಂತ ಚಿಕ್ಕ ಕೊಕ್ಕೆಯ ಮೇಲೆ ಮತ್ತೆ ಕಟ್ಟಿಸುತ್ತಿದ್ದನು. ಆಮೇಲೆ ಇನ್ನೂ ಚಿಕ್ಕ ಕೊಕ್ಕೆ. ಮೊದಲು ಬಿಚ್ಚಲು ಕಲಿತವನಿಗೆ ಮಾತ್ರ ಕಟ್ಟುವ ಮರ್ಮ ತಿಳಿಯುತ್ತದೆಂಬುದು ಈ ಪಾಠದ ಸಾರ. ಗದ್ಯಪದ್ಯಗಳ ಅನ್ವಯವನ್ನು ಬಿಡಿಸಿ ಕಲಿತ ಹಳೆಯ ತಲೆಯ ಕನ್ನಡ ಪಂಡಿತರಿಗೆ ಈ ಕ್ರಮ ಅಪರಿಚಿತವೆನಿಸಲಾರದು.

ಇಪ್ಪತ್ತರ ಹರೆಯದಲ್ಲಿ ಮೇಗನ್ ತಂದೆಯ ಮನೆಯನ್ನು ಬಿಟ್ಟು ಬ್ರೋರಾಕ್ಕೆ ಉತ್ತರದಲ್ಲಿರುವ ಕಿಂಟ್ರಾಡ್ವೆಲ್ಲಿನ ಒಂದು ಪುಟ್ಟ ಮನೆಯಲ್ಲಿ ನೆಲೆಸಿದಳು. ಮುಂದೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಅದೇ ಆಕೆಯ ಮನೆ. ಮನೆಯೊಳಗೆ ನಲ್ಲಿಯ ನೀರಿರಲಿಲ್ಲ. ವಿದ್ಯುದ್ದೀಪ ಬಂದದ್ದು 1985ರಲ್ಲಿ. ಪಕ್ಕದಲ್ಲಿ ತಗಡಿನ ಒಂದು ಷೆಡ್ಡು. ಅದರ ಕಿಟಕಿ ಉತ್ತರ ಸಮುದ್ರಕ್ಕೆ ತೆರೆದಿತ್ತು. ಆ ಕಿಟಕಿಯ ಬೆಳಕಿನಲ್ಲಿ ಮೇಜಿನ ಮುಂದೆ ಕುಳಿತು ಆಕೆ ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ದುಡಿಯುತ್ತಿದ್ದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕರಾವಳಿಯ ಕಾವಲಿನಲ್ಲಿ ನೆರವಾದಳು. ಮದುವೆಯಾಗಲಿಲ್ಲ. ಗಂಡಸಿನ ಕೋಟು, ಷರಟು, ಕೊರಳಿಗೆ ಟೈ, ಕೆಳಗೆ ಲಂಗ, ಕಾಲಿಗೆ ದಪ್ಪ ಬೂಟು ಎಂಬುದು ಆಕೆಯ ಉಡುಪು. ತಲೆಗೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಳು. ಇಷ್ಟರಿಂದ ಆಕೆಯನ್ನು ಏಕಾಂಗಿಯಾದ ತಪಸ್ವಿನಿಯೆಂದು ಭಾವಿಸಲಾಗದು. ಸ್ಕಾಟ್ಲೆಂಡಿನ ಜಾನಪದ ನೃತ್ಯವೆಂದರೆ ಆಕೆಗೆ ಪ್ರಾಣ; ಸಂಜೆಯ ಕೂಟಗಳಿಗೆ ತಪ್ಪದೆ ಹೋಗುತ್ತಿದ್ದಳು.

5

ಗರಿನೊಣ ಕಟ್ಟುವ ಕೆಲಸದಲ್ಲಿ ಕೈಗೆ ಬಲವೇನೂ ಬೇಡ, ಹದ ಬೇಕು. ಕೊಕ್ಕೆಯನ್ನು ವೈಸಿನ ಬಾಯಿಗೆ ಕಚ್ಚಿಸಿ, ಮೇಣ ಹಚ್ಚಿದ ರೇಷ್ಮೆಯ ದಾರದಿಂದ ಒಂದೊಂದೇ ಸುತ್ತು ಬಿಗಿಯುತ್ತ ಹೋಗಬೇಕು. ದಾರ ಸಡಿಲವಾದರೆ ಗರಿ ಜಾರುತ್ತದೆ. ಬಿಗಿ ಹೆಚ್ಚಾದರೆ ದಾರ ತುಂಡಾಗುತ್ತದೆ. ಬೇರೆ ಬೇರೆ ಹಕ್ಕಿಗಳ ಪುಕ್ಕಗಳಿಂದ ಬಿಡಿಸಿದ ಎಳೆಗಳನ್ನು ಬೆರಳ ಸಂದಿಯಲ್ಲಿ ಒಂದಕ್ಕೊಂದು ಹೊಂದಿಸಿದರೆ ಅವು ಹುಟ್ಟಿನಿಂದಲೇ ಒಂದಾಗಿದ್ದಂತೆ ಹೆಣೆದುಕೊಳ್ಳುತ್ತವೆ. ಸಾಲ್ಮನ್ನಿನ ಹಳೆಯ ವಿನ್ಯಾಸಗಳಲ್ಲಿ ಅತ್ಯಂತ ಕಷ್ಟವಾದ ಭಾಗ ಇದೇ. ಎಡರೆಕ್ಕೆಗೆ ಹಕ್ಕಿಯ ಎಡಭಾಗದ ಪುಕ್ಕ, ಬಲರೆಕ್ಕೆಗೆ ಬಲಭಾಗದ ಪುಕ್ಕ. ಅದಲುಬದಲಾದರೆ ಗರಿನೊಣ ನೀರಿನಲ್ಲಿ ಓರೆಯಾಗಿ ಓಡುತ್ತದೆ. ಬಾಯ್ಡಳ ಗರಿನೊಣಗಳು ನೋಟಕ್ಕೆ ಸೊಗಸಾಗಿದ್ದಂತೆ ನೀರಿನಲ್ಲಿಯೂ ನೇರವಾಗಿ ಈಜುತ್ತಿದ್ದವು. ಅವುಗಳ ಕೀರ್ತಿ ಬ್ರೋರಾ, ಹೆಲ್ಮ್ಸ್‌ಡೇಲ್ ಹೊಳೆಗಳ ದಂಡೆಯಿಂದ ಕಡಲಾಚೆಗೂ ಹಬ್ಬಿತು.

ಆಕೆಯ ಹೆಸರನ್ನೇ ಹೊತ್ತ ಒಂದು ಗರಿನೊಣವೂ ಉಂಟು. ‘ಮೇಗನ್ ಬಾಯ್ಡ್’ ಎಂಬುದು ನೀಲಿ ಕಪ್ಪು ಬಣ್ಣದ ಚಿಕ್ಕ ನೊಣ. ನಡುಬೇಸಗೆಯಲ್ಲಿ ಹೊಳೆ ಬತ್ತಿ, ನೀರು ತಿಳಿಯಾಗಿ, ಮೀನು ಯಾವುದಕ್ಕೂ ಬಾಯಿ ಹಾಕದಿರುವ ದಿನಗಳಿಗೆ ಅದು ಹೇಳಿಸಿದ್ದು. ಜಾಕ್ ಸ್ಕಾಟಿನಂತಹ ವೈಭವದ ವಿನ್ಯಾಸಗಳಲ್ಲಿ ಪಳಗಿದ ಕೈ ತನ್ನ ಹೆಸರಿಗೆ ಉಳಿಸಿಕೊಂಡದ್ದು ಇಂತಹ ಸರಳವಾದ ಒಂದನ್ನು ಎಂಬುದು ಆಕೆಯ ದೃಷ್ಟಿಯನ್ನು ತಿಳಿಸುತ್ತದೆ. ಆಕೆಗೆ ಗರಿನೊಣ ಗಾಜಿನ ಚೌಕಟ್ಟಿನಲ್ಲಿಡುವ ವಸ್ತುವಾಗಿರಲಿಲ್ಲ, ನೀರಿಗಿಳಿಯಬೇಕಾದ ಉಪಕರಣವಾಗಿತ್ತು.

ಇನ್ನು ಪ್ರತಿಫಲದ ವಿಷಯ. ಬೇಡಿಕೆ ಪೂರೈಸಲಾರದಷ್ಟು ಬೆಳೆದರೂ ಆಕೆ ಬೆಲೆಯನ್ನು ಏರಿಸಿ ಸಿರಿವಂತಳಾಗಲಿಲ್ಲ. ಆಕೆಯ ಗಿರಾಕಿಗಳಲ್ಲಿ ಶ್ರೀಮಂತರಿದ್ದರು, ಅಂದಿನ ಯುವರಾಜ ಚಾರ್ಲ್ಸ್ ಕೂಡ ಇದ್ದನು. 1971ರಲ್ಲಿ ಆಕೆಗೆ ಬ್ರಿಟಿಷ್ ಎಂಪೈರ್ ಪದಕ ದೊರೆಯಿತು. ಅರಮನೆಗೆ ಬರಲು ಕರೆ ಬಂದಾಗ ಆಕೆ ಹೋಗಲಿಲ್ಲ; ಆ ದಿನ ತನ್ನ ನಾಯಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದು ತಿಳಿಸಿದಳು. ಕೊನೆಗೆ ಯುವರಾಜನೇ ಆ ಪದಕವನ್ನು ಆಕೆಗೆ ಒಪ್ಪಿಸಿದನು. ಈ ಪ್ರಸಂಗವನ್ನು ವಿನೋದಕ್ಕಾಗಿ ಹೇಳುವುದುಂಟು. ಆದರೆ ಇದರಲ್ಲಿ ಗರ್ವವೂ ಇಲ್ಲ, ಅವಿನಯವೂ ಇಲ್ಲ. ತನ್ನ ದಿನಚರಿಯ ಕರ್ತವ್ಯಕ್ಕೂ ಅರಮನೆಯ ಕರೆಗೂ ಆಕೆ ಒಂದೇ ತಕ್ಕಡಿಯನ್ನು ಬಳಸಿದಳು, ಅಷ್ಟೇ.

6

ಮೇಗನ್ ಬಾಯ್ಡ್ ಒಬ್ಬಳೇ ಈ ಕ್ಷೇತ್ರದ ಸ್ತ್ರೀಯೆಂದು ತಿಳಿಯಬಾರದು. ಅಮೆರಿಕದ ವರ್ಮಾಂಟಿನಲ್ಲಿ ಮೇರಿ ಆರ್ವಿಸ್ ಮಾರ್ಬರಿ ಎಂಬವಳು ತಂದೆಯ ಉದ್ಯಮದಲ್ಲಿ ಗರಿನೊಣದ ವಿಭಾಗವನ್ನು ನಡೆಸಿ, ದೇಶದ ನಾನಾ ಭಾಗಗಳ ಗಾಳಗಾರರಿಗೆ ಪತ್ರ ಬರೆದು ಅವರವರ ಮೆಚ್ಚಿನ ನೊಣಗಳ ವಿವರವನ್ನು ತರಿಸಿ, 1892ರಲ್ಲಿ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದಳು. ಬಾಯಿಂದ ಬಾಯಿಗೆ ಬಂದ ತಿಳಿವನ್ನು ಬರಹಕ್ಕಿಳಿಸಿದ ಕೋಶಕಾರ್ಯವದು. ಮೇಯ್ನ್ ರಾಜ್ಯವು 1897ರಲ್ಲಿ ಬೇಟೆ ಮತ್ತು ಗಾಳದ ಮಾರ್ಗದರ್ಶಕರಿಗೆ ಪರವಾನಗಿ ಕೊಡಲು ತೊಡಗಿದಾಗ ಮೊದಲನೆಯದು ಕಾರ್ನೇಲಿಯ ಕ್ರಾಸ್ಬಿ ಎಂಬವಳ ಪಾಲಾಯಿತು. ಸ್ಕಾಟ್ಲೆಂಡಿನ ಟೇ ಹೊಳೆಯಲ್ಲಿ 1922ರ ಅಕ್ಟೋಬರ್ 7ರಂದು ಜಾರ್ಜಿನಾ ಬ್ಯಾಲಂಟೈನ್ ಎಂಬವಳು ಹಿಡಿದ 64 ಪೌಂಡು ತೂಕದ ಸಾಲ್ಮನ್ನನ್ನು ಬ್ರಿಟನ್ನಿನಲ್ಲಿ ಗಾಳದ ಕೋಲಿನಿಂದ ಇದುವರೆಗೆ ಯಾರೂ ಮೀರಿಸಿಲ್ಲ. ಅವಳು ಬಳಸಿದ್ದು ಗರಿನೊಣವನ್ನಲ್ಲ. ಆದರೆ ಗರಿನೊಣಕ್ಕೆ ಸಿಕ್ಕ ಅತಿ ದೊಡ್ಡ ಮೀನನ್ನು ಹಿಡಿದವಳೂ ಹೆಂಗಸೇ. ಡೆವರನ್ ಹೊಳೆಯಲ್ಲಿ 1924ರಲ್ಲಿ ಮಿಸೆಸ್ ಮಾರಿಸನ್ ಎಂಬವಳು 61 ಪೌಂಡಿನ ಸಾಲ್ಮನ್ನನ್ನು ದಡಕ್ಕೆಳೆದಳು. ಇಷ್ಟಿದ್ದರೂ ಈ ವಿದ್ಯೆಯ ಚರಿತ್ರೆಗಳಲ್ಲಿ ಹೆಂಗಸರು ಬಹುಕಾಲ ಅಪವಾದಗಳಾಗಿಯೇ ಕಾಣಿಸಿಕೊಂಡರು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಬೇರೆ ಕೆಲವು ಹೆಂಗಸರು ಗರಿಯ ವಿಷಯದಲ್ಲಿಯೇ ಬೇರೊಂದು ಹೋರಾಟವನ್ನು ನಡೆಸಿದ್ದರು. ಟೋಪಿಯ ಅಲಂಕಾರಕ್ಕಾಗಿ ಹಕ್ಕಿಗಳನ್ನು ಕೊಲ್ಲುವುದನ್ನು ವಿರೋಧಿಸಿ ಎಮಿಲಿ ವಿಲಿಯಂಸನ್ 1889ರಲ್ಲಿ ಸ್ಥಾಪಿಸಿದ ಸಂಘ ಮುಂದೆ ರಾಜಮನ್ನಣೆಯನ್ನು ಪಡೆದು ದೊಡ್ಡ ಪಕ್ಷಿರಕ್ಷಣ ಸಂಸ್ಥೆಯಾಯಿತು. ಭಾರತ ಸರ್ಕಾರವು 1902ರಲ್ಲಿ ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ನು 1921ರಲ್ಲಿ ಗರಿಗಳ ಆಮದಿಗೆ ತಡೆಯೊಡ್ಡುವ ಕಾನೂನನ್ನು ಮಾಡಿತು. ಕಳ್ಳಸಾಗಣೆ ಇದರಿಂದ ಪೂರ್ಣವಾಗಿ ನಿಲ್ಲಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಘಟ್ಟದ ಕಾಡುಕೋಳಿಗೆ ತನ್ನ ನಾಡಿನಲ್ಲಿಯೇ ಹೆಚ್ಚಿನ ರಕ್ಷಣೆ ದೊರೆಯಿತು. ಗರಿನೊಣ ಕಟ್ಟುವವರು ಸಾಕಿದ ಹಕ್ಕಿಗಳ ಗರಿಯನ್ನೂ, ಬಣ್ಣ ಹಾಕಿದ ಸಾಮಾನ್ಯ ಗರಿಯನ್ನೂ, ಪ್ರಾಣಿಗಳ ಕೂದಲನ್ನೂ ಬಳಸುವುದನ್ನು ಕಲಿತರು. ಮೀನು ಆ ವ್ಯತ್ಯಾಸವನ್ನು ಲೆಕ್ಕಿಸಲಿಲ್ಲ.

ಲೆಕ್ಕಿಸಿದವನು ಮನುಷ್ಯ. 2009ರ ಜೂನಿನಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿಯ ಪ್ರಾಕೃತಿಕ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮಗಳು ಕಳುವಾದವು. ಅವುಗಳಲ್ಲಿ ಕೆಲವು ಹತ್ತೊಂಬತ್ತನೆಯ ಶತಮಾನದ ಪ್ರಕೃತಿವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೆಸ್ ಸಂಗ್ರಹಿಸಿದವು. ಕದ್ದವನು ಹಳೆಯ ವಿನ್ಯಾಸದ ಸಾಲ್ಮನ್ ಗರಿನೊಣಗಳನ್ನು ಕಟ್ಟುವುದರಲ್ಲಿ ನಿಪುಣನಾಗಿದ್ದ ಒಬ್ಬ ಯುವಕ ಸಂಗೀತಗಾರ. ಗ್ರಂಥದಲ್ಲಿ ಹೇಳಿದ ಹಕ್ಕಿಯ ಗರಿಯೇ ಬೇಕೆಂಬ ಹಟಮಾರಿಗಳು ಅವನಿಂದ ಅವುಗಳನ್ನು ಕೊಂಡರು. ಹಾಗೆ ಕಟ್ಟಿದ ಗರಿನೊಣಗಳು ನೀರನ್ನು ಕಾಣುವುದೇ ಇಲ್ಲ, ಚೌಕಟ್ಟಿನಲ್ಲಿ ಕುಳಿತುಬಿಡುತ್ತವೆ. ಒಂದೇ ಕಲೆಯ ಎರಡು ತುದಿಗಳನ್ನು ಇಲ್ಲಿ ಕಾಣಬಹುದು. ಕಲೆಯು ತನ್ನ ಪ್ರಯೋಜನವನ್ನು ಮರೆತಾಗ ಸಾಮಗ್ರಿಯ ವ್ಯಾಮೋಹ ಬೆಳೆಯುತ್ತದೆ. ವ್ಯಾಮೋಹ ಬೆಳೆದಾಗ ಕಳವು ದೂರವಿರುವುದಿಲ್ಲ. ಕಿಂಟ್ರಾಡ್ವೆಲ್ಲಿನ ನೀಲಿಕಪ್ಪು ನೊಣದ ಸರಳತೆಯ ಬೆಲೆ ಈ ಘಟನೆಯ ಎದುರಿನಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ.

7

ದಶಕಗಳ ಕಾಲ ದೀಪದ ಬೆಳಕಿನಲ್ಲಿ ಎಳೆಗಳನ್ನು ನೋಡಿದ ಕಣ್ಣು 1980ರ ದಶಕದಲ್ಲಿ ಮಂದವಾಯಿತು. ಮನೆಗೆ ವಿದ್ಯುತ್ತು ಬಂದ ಹೊತ್ತಿಗೆ ಕಣ್ಣಿನ ಬೆಳಕು ಹಿಂಜರಿಯುತ್ತಿತ್ತು. ಆಕೆ ಕಸುಬನ್ನು ನಿಲ್ಲಿಸಬೇಕಾಯಿತು. 2001ರ ನವೆಂಬರ್ 15ರಂದು, ತನ್ನ 86ನೆಯ ವಯಸ್ಸಿನಲ್ಲಿ, ಗಾಲ್ಸ್ಪಿ ಎಂಬ ಊರಿನಲ್ಲಿ ಮೇಗನ್ ಬಾಯ್ಡ್ ತೀರಿಕೊಂಡಳು. ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಆಕೆಯ ಮರಣವಾರ್ತೆಯನ್ನು ಓದಿ ಮನಸೋತ ಎರಿಕ್ ಸ್ಟೀಲ್ ಎಂಬ ನಿರ್ದೇಶಕನು ಆಕೆಯನ್ನು ಕುರಿತು ‘ಕಿಸ್ ದ ವಾಟರ್’ ಎಂಬ ಚಿತ್ರವನ್ನು ತೆಗೆದನು. ಅದು 2013ರಲ್ಲಿ ತೆರೆಕಂಡಿತು.

ಮೀನನ್ನು ಕೊಲ್ಲಲಾರದವಳು ಮೀನನ್ನು ಕೊಲ್ಲುವ ಸಾಧನವನ್ನು ಮಾಡಿ ಬದುಕಿದಳೆಂಬ ಆಕ್ಷೇಪಕ್ಕೆ ಉತ್ತರವೇನು? ಆಕೆಯ ಅನ್ನ ಆ ಹೊಳೆಯಿಂದ ಬಂದದ್ದು. ಆ ಋಣವನ್ನು ಅಲ್ಲಗಳೆಯುವಂತಿಲ್ಲ. ತನ್ನ ಕೈಯಿಂದ ಪ್ರಾಣ ತೆಗೆಯುವುದಿಲ್ಲವೆಂದಷ್ಟೇ ಆಕೆ ಗೆರೆ ಎಳೆದಳು. ಆ ಗೆರೆ ತರ್ಕಕ್ಕೆ ಪೂರ್ಣವಾಗಿ ನಿಲ್ಲುವಂಥದಲ್ಲ. ಕಮ್ಮಾರನು ಕತ್ತಿಯನ್ನು ಮಾಡಿ ಯುದ್ಧಕ್ಕೆ ಹೋಗದಿರುವಂತೆ ಅದು. ಆದರೆ ಕಾಲವು ಆಕೆಯ ಕಡೆಗೆ ಸ್ವಲ್ಪ ವಾಲಿದೆಯೆನ್ನಬಹುದು. ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್ನುಗಳಲ್ಲಿ ಬಹುಪಾಲನ್ನು ಈಗ ಜೀವಸಹಿತ ನೀರಿಗೆ ಬಿಡುತ್ತಾರೆ. ಹಾಗೆ ಬಿಡದೆ ಗತ್ಯಂತರವೂ ಇಲ್ಲ: 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣ ಒಕ್ಕೂಟವು ಗ್ರೇಟ್ ಬ್ರಿಟನ್ನಿನ ಅಟ್ಲಾಂಟಿಕ್ ಸಾಲ್ಮನ್ನನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಕಾವಲಿಟ್ಟು ಒಡೆಯರಿಗಾಗಿ ಕಾಯ್ದ ಮೀನನ್ನು ಇಂದು ಮೀನಿಗಾಗಿಯೇ ಕಾಯಬೇಕಾದ ದಿನ ಬಂದಿದೆ.

ಬಾಯ್ಡಳು ಕಟ್ಟಿದ ಗರಿನೊಣಗಳಲ್ಲಿ ಎಷ್ಟೋ ಹೊಳೆಯ ತಳದಲ್ಲಿ ತುಕ್ಕು ಹಿಡಿದು ಕರಗಿಹೋಗಿವೆ. ಉಳಿದವನ್ನು ಸಂಗ್ರಾಹಕರು ಜೋಪಾನವಾಗಿಟ್ಟಿದ್ದಾರೆ. ಎರಡರಲ್ಲಿ ಯಾವುದು ಅವಕ್ಕೆ ತಕ್ಕ ಗತಿಯೆಂದು ಆಕೆಯನ್ನು ಕೇಳಿದ್ದರೆ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ಕಸುಬಿನ ಘನತೆ ಉಳಿಯುವುದು ಅದನ್ನು ಬಳಸುವುದರಿಂದ; ಕಸುಬುದಾರನ ಘನತೆ ಉಳಿಯುವುದು ತನಗೆ ಸಾಕೆನಿಸಿದ್ದನ್ನು ಅರಿಯುವುದರಿಂದ. ತಗಡಿನ ಷೆಡ್ಡೊಂದರ ಕಿಟಕಿಯ ಬಳಿ ಬಾಳನ್ನು ಕಳೆದ ಈ ಹೆಂಗಸು ಎರಡನ್ನೂ ಬಲ್ಲವಳಾಗಿದ್ದಳು.